ಚರ್ಚ್‌ಗೇಟ್ ರೈಲು ನಿಲ್ದಾಣ

ಮುಂಬಯಿಯ ದಕ್ಷಿಣ ಭಾಗದಲ್ಲಿ, ಓವಲ್ ಮೈದಾನಕ್ಕೂ ಮರೀನ್ ಡ್ರೈವಿಗೂ ನಡುವೆ ಇರುವ ಚರ್ಚ್‌ಗೇಟ್, ಪಶ್ಚಿಮ ರೈಲ್ವೆಯ ಉಪನಗರ ಮಾರ್ಗದ ಕೊನೆಯ ನಿಲ್ದಾಣ. 1870ರಲ್ಲಿ ಆರಂಭವಾದ ಈ ನಿಲ್ದಾಣದಿಂದ ಉತ್ತರಕ್ಕೆ ವಿರಾರ್‌ವರೆಗೆ 60 ಕಿಲೋಮೀಟರ್, 2013ರಿಂದ ಡಹಾಣು ರೋಡ್‌ವರೆಗೆ ಸುಮಾರು 124 ಕಿಲೋಮೀಟರ್ ಲೋಕಲ್ ಗಾಡಿಗಳು ಓಡುತ್ತವೆ. ಇಲ್ಲಿರುವುದು ನಾಲ್ಕೇ ಪ್ಲಾಟ್‌ಫಾರಂ. ದೆಹಲಿಗಾಗಲಿ ಅಹಮದಾಬಾದಿಗಾಗಲಿ ಇಲ್ಲಿಂದ ಗಾಡಿ ಹೊರಡುವುದಿಲ್ಲ. ಟ್ರಂಕು, ಹಾಸಿಗೆ ಸುರುಳಿ ಇಟ್ಟುಕೊಂಡು ರಾತ್ರಿ ಗಾಡಿಗೆ ಕಾಯುವವರೂ ಇಲ್ಲ. ನಿಲ್ದಾಣಗಳ ಚರಿತ್ರೆಯನ್ನು ಸಾಮಾನ್ಯವಾಗಿ ಕೂಡಿಸುವ ಲೆಕ್ಕದಲ್ಲಿ ಬರೆಯುತ್ತಾರೆ: ಇಂಥ ವರ್ಷ ಹೊಸ ಪ್ಲಾಟ್‌ಫಾರಂ ಬಂತು, ಇಂಥ ವರ್ಷ ಗೋಪುರ ಎದ್ದಿತು, ಇಂಥ ಊರಿಗೆ ಹೊಸ ಗಾಡಿ ಬಿಟ್ಟರು ಎಂದು. ಚರ್ಚ್‌ಗೇಟಿಗೆ ಈ ಲೆಕ್ಕ ಹೊಂದುವುದಿಲ್ಲ. ಅದರ ಒಂದೂವರೆ ಶತಮಾನದ ಕತೆಯನ್ನು ಕಳೆಯುವ ಲೆಕ್ಕದಲ್ಲಿಯೇ ಬರೆಯಬೇಕು. ಒಂದು ಬಾಗಿಲು ಹೋಯಿತು, ಒಂದು ಕಡಲತೀರ ಹೋಯಿತು, ಮುಂದಿನ ಹಳಿ ಹೋಯಿತು, ದೂರದ ಗಾಡಿಗಳು ಹೋದವು, ಹಳೆಯ ಕಟ್ಟಡವೂ ಹೋಯಿತು. ದಿನನಿತ್ಯ ಕೆಲಸಕ್ಕೆ ಹೋಗಿಬರುವವರ ನಿಲ್ದಾಣವಾಗಿ ಅದು ಗಟ್ಟಿಯಾದದ್ದು ಈ ಕಳೆತಗಳಿಂದ ಎಂಬುದು ಈ ಲೇಖನದ ವಾದ.

ಮೊದಲ ಕಳೆತ ಹೆಸರಿನಲ್ಲೇ ಇದೆ. ಈಸ್ಟ್ ಇಂಡಿಯಾ ಕಂಪನಿಯ ಕಾಲದ ಮುಂಬಯಿ ಕೋಟೆಯೊಳಗಿನ ಊರು. ಕೋಟೆಯ ಪಶ್ಚಿಮ ಗೋಡೆಯಲ್ಲಿದ್ದ ಬಾಗಿಲಿನಿಂದ ಒಳಹೊಕ್ಕರೆ ದಾರಿ ನೇರವಾಗಿ 1718ರಲ್ಲಿ ಆರಂಭವಾದ ಸೇಂಟ್ ಥಾಮಸ್ ಚರ್ಚಿಗೆ ಹೋಗುತ್ತಿತ್ತು. ಅದಕ್ಕೇ ಅದು ಚರ್ಚ್ ಗೇಟ್. 1860ರ ದಶಕದಲ್ಲಿ ಗವರ್ನರ್ ಬಾರ್ಟಲ್ ಫ್ರೀರ್ ಕೋಟೆಯ ಗೋಡೆಗಳನ್ನು ಕೆಡವಿಸಿದಾಗ ಬಾಗಿಲೂ ನೆಲಸಮವಾಯಿತು. ಅದು ಇದ್ದ ಆಸುಪಾಸಿನಲ್ಲಿ ಫ್ಲೋರಾ ಕಾರಂಜಿ ಎದ್ದಿತು. ಅಂದರೆ 1870ರಲ್ಲಿ ನಿಲ್ದಾಣ ತೆರೆಯುವ ಹೊತ್ತಿಗೆ ಅದಕ್ಕೆ ಹೆಸರು ಕೊಟ್ಟ ಬಾಗಿಲೇ ಇರಲಿಲ್ಲ. ಇದನ್ನು ಬರೀ ಹೆಸರಿನ ತಮಾಷೆ ಎಂದು ಬಿಡುವಂತಿಲ್ಲ. ಕೋಟೆಯ ಗೋಡೆ ಇದ್ದಷ್ಟು ದಿನ ಒಳಗೆ ದುಡಿಯುವವರಲ್ಲಿ ಹೆಚ್ಚಿನವರು ಒಳಗೋ ಗೋಡೆಯ ಪಕ್ಕದಲ್ಲೋ ವಾಸವಾಗಿದ್ದರು. ಗೋಡೆ ಬಿದ್ದ ಮೇಲೆ ಫೋರ್ಟ್ ಎಂಬುದು ಹಗಲು ತುಂಬಿ ರಾತ್ರಿ ಖಾಲಿಯಾಗುವ ಕಚೇರಿಗಳ ಪೇಟೆಯಾಗುತ್ತ ಹೋಯಿತು. ಬೆಳಿಗ್ಗೆ ಬಂದು ಸಂಜೆ ಹೋಗುವವರಿಗೆ ಒಂದು ಬಾಗಿಲು ಬೇಕಿತ್ತು. ಕಲ್ಲಿನ ಬಾಗಿಲು ಬಿಟ್ಟುಹೋದ ಕೆಲಸವನ್ನು ಕಬ್ಬಿಣದ ಹಳಿ ಕೈಗೆತ್ತಿಕೊಂಡಿತು.

ಆ ಹಳಿ ಹಾಕಿದ್ದು ಬಾಂಬೆ ಬರೋಡಾ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ, ಜನರ ಬಾಯಲ್ಲಿ ಬಿ.ಬಿ.ಸಿ.ಐ. ಎದುರಾಳಿ ಕಂಪನಿ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ 1853ರಲ್ಲೇ ಬೋರಿ ಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕ ಗಾಡಿ ಓಡಿಸಿತ್ತು. ಬಿ.ಬಿ.ಸಿ.ಐ. ಗುಜರಾತಿನ ಕಡೆಯಿಂದ ಕೆಲಸ ಆರಂಭಿಸಿ, 1864ರಲ್ಲಿ ಮುಂಬಯಿಯ ಗ್ರಾಂಟ್ ರೋಡಿಗೆ ಬಂದು ಮುಟ್ಟಿತು. ಅಲ್ಲಿಂದ ದಕ್ಷಿಣಕ್ಕೆ ದಾರಿ ಸಿಕ್ಕಿದ್ದು ಒಂದು ದಿವಾಳಿಯಿಂದ. ಅಮೆರಿಕದ ಅಂತರ್ಯುದ್ಧದ ದೆಸೆಯಿಂದ ಹತ್ತಿಯ ಬೆಲೆ ಮುಗಿಲು ಮುಟ್ಟಿದ್ದ ದಿನಗಳಲ್ಲಿ, ಬ್ಯಾಕ್‌ಬೇ ಕೊಲ್ಲಿಯನ್ನು ತುಂಬಿಸಿ ನೆಲ ಮಾಡುತ್ತೇವೆಂದು ಹೊರಟ ಕಂಪನಿಯ ಷೇರುಗಳಿಗೆ ಜನ ಮುಗಿಬಿದ್ದಿದ್ದರು. 1865ರಲ್ಲಿ ಯುದ್ಧ ಮುಗಿಯಿತು, ಹತ್ತಿಯ ಬೆಲೆ ಕುಸಿಯಿತು, ಷೇರುಗಳು ರದ್ದಿ ಕಾಗದವಾದವು. ಕೊಲ್ಲಿಯನ್ನು ನುಂಗಲು ಹೊರಟವರು ಬಿಟ್ಟುಹೋದದ್ದು ಕಡಲಂಚಿನ ಒಂದು ಕಿರಿದಾದ ಪಟ್ಟಿ ನೆಲ. ಮನೆಗಳಿಗೆ ಸಾಲದ, ರೈಲಿಗೆ ಸಾಕಾಗುವ ಆ ಪಟ್ಟಿ ಬಿ.ಬಿ.ಸಿ.ಐ.ಯ ಪಾಲಿಗೆ ಬಂತು. 1867ರ ಏಪ್ರಿಲ್ 12ರಂದು ವಿರಾರ್ ಮತ್ತು ಬ್ಯಾಕ್‌ಬೇ ನಡುವೆ ಮೊದಲ ಉಪನಗರ ಗಾಡಿ ಓಡಿತು. ದಿನಕ್ಕೆ ಒಂದೇ ಗಾಡಿ: ಬೆಳಿಗ್ಗೆ 6.45ಕ್ಕೆ ವಿರಾರ್ ಬಿಡುವುದು, ಸಂಜೆ 5.30ಕ್ಕೆ ಬ್ಯಾಕ್‌ಬೇಯಿಂದ ಹಿಂದಿರುಗುವುದು. ಈ ಎರಡು ಸಮಯಗಳನ್ನು ಗಮನವಿಟ್ಟು ನೋಡಬೇಕು. ವ್ಯಾಪಾರಿಯ, ಯಾತ್ರಿಕನ, ಸೈನಿಕನ ಅನುಕೂಲಕ್ಕೆ ಮಾಡಿದ ವೇಳಾಪಟ್ಟಿ ಅದಲ್ಲ. ಕಚೇರಿಗೆ ಹೋಗಿ ಮನೆಗೆ ಮರಳುವ ಗುಮಾಸ್ತನ ದಿನಚರಿ ಅದು. ಮೂರು ವರ್ಷದ ಬಳಿಕ ಚರ್ಚ್‌ಗೇಟ್ ತೆರೆದಾಗ ಈ ದಿನಚರಿಗೆ ಇನ್ನೂ ಹತ್ತಿರದ ಒಂದು ಇಳಿದಾಣ ಸಿಕ್ಕಂತಾಯಿತು.

ಆದರೆ ಆಗಿನ ಚರ್ಚ್‌ಗೇಟ್ ದಾರಿಯ ನಡುವಿನ ಒಂದು ನಿಲ್ದಾಣ ಮಾತ್ರ. 1870ರ ದಶಕದಲ್ಲಿ ಹಳಿ ಓವಲ್ ಮೈದಾನದ ಪಕ್ಕದಲ್ಲೇ ಸಾಗಿ ಕೊಲಾಬಾದವರೆಗೆ ಹೋಯಿತು. 1896ರಲ್ಲಿ ಕೊಲಾಬಾಕ್ಕೆ ದೊಡ್ಡ ಟರ್ಮಿನಸ್ ಕಟ್ಟಡವೂ ಬಂತು. ದೂರದೂರಿನ ಗಾಡಿಗಳು ಅಲ್ಲಿಂದಲೇ ಹೊರಡುತ್ತಿದ್ದವು, ಹತ್ತಿಯ ಅಂಡಿಗೆಗಳು ಅಲ್ಲೇ ಇಳಿಯುತ್ತಿದ್ದವು. ಕೊಲಾಬಾ ನಿಲ್ದಾಣದ ಬೆನ್ನೆಲುಬು ಆ ಹತ್ತಿ. 1920ರ ದಶಕದಲ್ಲಿ ಹತ್ತಿಯ ಪೇಟೆ ನಗರದ ಪೂರ್ವ ದಂಡೆಯ ಶಿವಡಿಯ ಕಡೆಗೆ ಸರಿಯಿತು. ಅಲ್ಲಿನ ಕಾಟನ್ ಗ್ರೀನ್ ಎಂಬ ನಿಲ್ದಾಣದ ಹೆಸರು ಇಂದಿಗೂ ಅದರ ಸಾಕ್ಷಿ. ಅದೇ ಹೊತ್ತಿಗೆ ಗವರ್ನರ್ ಜಾರ್ಜ್ ಲಾಯ್ಡ್ ಹಳೆಯ ಹುಚ್ಚನ್ನು ಮತ್ತೆ ಕೆದಕಿ, ಬ್ಯಾಕ್‌ಬೇಯಲ್ಲಿ 1,145 ಎಕರೆ ಸಮುದ್ರ ತುಂಬಿಸುವ ಯೋಜನೆ ಹಾಕಿದ. ಖರ್ಚು ಏರಿತು, ಕೆಲಸ ಎಡವಿತು, ವಕೀಲ ಕೆ.ಎಫ್. ನಾರಿಮನ್ ಅದರ ಅವ್ಯವಹಾರವನ್ನು ಬಯಲಿಗೆಳೆದು, ಮಾನನಷ್ಟ ಮೊಕದ್ದಮೆಯನ್ನೂ ಎದುರಿಸಿ ಗೆದ್ದರು. ಕೊನೆಗೆ ಸಿಕ್ಕ ನೆಲ ಅಂದುಕೊಂಡಿದ್ದರ ಅರ್ಧಕ್ಕಿಂತ ಕಡಿಮೆ. ಆದರೂ ಓವಲ್ ಮೈದಾನದ ಪಶ್ಚಿಮಕ್ಕೆ ಸಿಕ್ಕಷ್ಟು ನೆಲ ಚಿನ್ನದ ನೆಲವೇ. ಆ ನೆಲಕ್ಕೂ ಮೈದಾನಕ್ಕೂ ಮಧ್ಯೆ ಹೊಗೆಯುಗುಳುವ ಹಳಿ ಇದ್ದರೆ ನಿವೇಶನ ಕೊಳ್ಳುವವರು ಯಾರು? 1930ರ ಡಿಸೆಂಬರ್ 18ರಂದು, ಕ್ಲಾಡ್ ಬ್ಯಾಟ್ಲಿ ರೂಪಿಸಿದ ಬಾಂಬೆ ಸೆಂಟ್ರಲ್ ನಿಲ್ದಾಣ ತೆರೆಯಿತು; ದೂರದ ಗಾಡಿಗಳೆಲ್ಲ ಅಲ್ಲಿಗೆ ಹೋದವು. ಆ ತಿಂಗಳ ಕೊನೆಯ ದಿನ ಕೊಲಾಬಾ ಮುಚ್ಚಿತು. ಹಳಿ ಕಿತ್ತ ಜಾಗದ ಅಕ್ಕಪಕ್ಕ ಆರ್ಟ್ ಡೆಕೊ ಮನೆಗಳು ಎದ್ದವು, ನಿಲ್ದಾಣದ ಎದುರಿಗೆ 1938ರಲ್ಲಿ ಎರೋಸ್ ಚಿತ್ರಮಂದಿರ ಬಂತು. ಕೊಲಾಬಾ ಟರ್ಮಿನಸ್ ಇದ್ದಲ್ಲಿ ಇಂದು ರೈಲ್ವೆ ಅಧಿಕಾರಿಗಳ ವಸತಿ ಬಧ್ವಾರ್ ಪಾರ್ಕ್ ಇದೆ. ನಡುದಾರಿಯ ಚರ್ಚ್‌ಗೇಟ್ ಹೀಗೆ, ತಾನೇನೂ ಬೆಳೆಯದೆ, ಮುಂದಿದ್ದದ್ದು ಹೋದದ್ದರಿಂದಲೇ ಕೊನೆಯ ನಿಲ್ದಾಣವಾಯಿತು.

ಇಲ್ಲಿ ಎರಡು ಆಕ್ಷೇಪಗಳು ಏಳುತ್ತವೆ. ಮೊದಲನೆಯದು: ಉಪನಗರ ರೈಲನ್ನು ಬೆಳೆಸಿದ್ದು ವಿದ್ಯುತ್ತೇ ಹೊರತು ಹಳಿಯ ಕಡಿತವಲ್ಲ. ಇದರಲ್ಲಿ ಹುರುಳಿದೆ. 1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿಯವರೆಗೆ 1,500 ವೋಲ್ಟ್ ನೇರ ವಿದ್ಯುತ್ತಿನ ಗಾಡಿಗಳು ಓಡತೊಡಗಿದ ಮೇಲೆ ವೇಗವೂ ಗಾಡಿಗಳ ಸಂಖ್ಯೆಯೂ ಹೆಚ್ಚಿದವು. ಆದರೆ ವಿದ್ಯುತ್ ಬಂದದ್ದು ಕೊಲಾಬಾಕ್ಕೂ ತಾನೇ? ತಂತಿ ಎಳೆದು ಮೂರು ವರ್ಷ ತುಂಬುವ ಮೊದಲೇ ಆ ನಿಲ್ದಾಣ ಮುಚ್ಚಿತು. ವಿದ್ಯುತ್ತೊಂದೇ ಒಂದು ನಿಲ್ದಾಣವನ್ನು ಉಳಿಸುವುದಾದರೆ ಕೊಲಾಬಾ ಉಳಿಯಬೇಕಿತ್ತು. ವಿದ್ಯುತ್ತು ಮಾಡಿದ ಉಪಕಾರವೂ ಒಂದು ಬಗೆಯ ಕಳೆತವೇ. ಉಗಿಬಂಡಿಯ ಕಾಲದಲ್ಲಿ ಕೊನೆಯ ನಿಲ್ದಾಣವೆಂದರೆ ಎಂಜಿನ್ ಬಿಚ್ಚಿ ಇನ್ನೊಂದು ತುದಿಗೆ ಒಯ್ಯಲು ಹೆಚ್ಚಿನ ಹಳಿ, ನೀರಿನ ತೊಟ್ಟಿ, ಕಲ್ಲಿದ್ದಲ ರಾಶಿ, ಎಂಜಿನ್ ತಿರುಗಿಸುವ ಚಕ್ರಮೇಜು ಇವೆಲ್ಲಕ್ಕೂ ಜಾಗ ಬೇಕು. ಎರಡೂ ತುದಿಯಲ್ಲಿ ಚಾಲಕನ ಕೋಣೆ ಇರುವ ಲೋಕಲ್‌ಗೆ ಇದ್ಯಾವುದೂ ಬೇಡ. ಬಂದ ಹಳಿಯಲ್ಲೇ ಹಿಂದಿರುಗುತ್ತದೆ. ಸಮುದ್ರ, ಮೈದಾನ, ರಸ್ತೆಗಳ ನಡುವೆ ಇಕ್ಕಟ್ಟಿನಲ್ಲಿ ಸಿಕ್ಕ ನಾಲ್ಕು ಪ್ಲಾಟ್‌ಫಾರಂಗಳು ಸಾಕಾದದ್ದು ಇದರಿಂದ. ದೂರದ ಗಾಡಿ ಹಾಗಲ್ಲ. ಅದು ಬಂದು ನಿಂತರೆ ನೀರು ತುಂಬಿಸಬೇಕು, ಗುಡಿಸಬೇಕು, ಸಾಮಾನು ಇಳಿಸಬೇಕು, ಅಷ್ಟು ಹೊತ್ತು ಪ್ಲಾಟ್‌ಫಾರಂ ಸತ್ತಂತೆಯೇ.

ಎರಡನೆಯ ಆಕ್ಷೇಪ ಇನ್ನೂ ಚೂಪಾದದ್ದು: ಕಡಿತದ ಹಿಂದೆ ದಿನನಿತ್ಯದ ಪ್ರಯಾಣಿಕರ ಚಿಂತೆ ಎಲ್ಲಿತ್ತು? ನಿವೇಶನ ಮಾರುವ ಆಸೆಯಿಂದ ಮಾಡಿದ ಕೆಲಸವನ್ನು ದೂರದೃಷ್ಟಿ ಎಂದು ಹೊಗಳುವುದು ಸರಿಯೇ? ಸರಿಯಲ್ಲ, ಹೊಗಳಬೇಕಾಗಿಯೂ ಇಲ್ಲ. ಆಡಳಿತಗಾರರ ಉದ್ದೇಶ ನೆಲದ ಹಣವೇ. ಅದೂ ಅವರು ಲೆಕ್ಕ ಹಾಕಿದಷ್ಟು ಬರಲಿಲ್ಲ. ಈ ಲೇಖನ ಹೇಳುತ್ತಿರುವುದು ಉದ್ದೇಶವನ್ನಲ್ಲ, ಫಲವನ್ನು. ಫಲ ಕಾಣಬೇಕಾದರೆ ಕೂಗಳತೆಯಲ್ಲೇ ಇರುವ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್ಸಿನ ಜೊತೆ ಹೋಲಿಸಿದರಾಯಿತು. ಅಲ್ಲಿ 18 ಪ್ಲಾಟ್‌ಫಾರಂಗಳಿವೆ, ಲೋಕಲ್‌ಗಳ ಪಾಲು ಏಳು. ಉಳಿದವು ದೂರದ ಗಾಡಿಗಳವು. ಲೋಕಲ್‌ಗಳಿಗೆ ಪ್ಲಾಟ್‌ಫಾರಂ ಬೇರೆ ಕೊಟ್ಟರೂ ಮುಂದೆ ಹಳಿಗಳ ಮೇಲೆ ಎರಡೂ ಬಗೆಯ ಗಾಡಿಗಳು ದಾರಿಗಾಗಿ ಪೈಪೋಟಿ ನಡೆಸಬೇಕು. ಒಂದು ಎಕ್ಸ್‌ಪ್ರೆಸ್ ತಡವಾದರೆ ಅದರ ಹಿಂದಿನ ಲೋಕಲ್‌ಗಳಿಗೂ ಬಿಸಿ ತಟ್ಟುತ್ತದೆ. ಪಶ್ಚಿಮ ಮಾರ್ಗದಲ್ಲೂ ಈ ಪೈಪೋಟಿ ಮುಂಬಯಿ ಸೆಂಟ್ರಲ್‌ನಿಂದ ಉತ್ತರಕ್ಕೆ ಇದ್ದೇ ಇದೆ. ಆದರೆ ಚರ್ಚ್‌ಗೇಟಿನಿಂದ ಸೆಂಟ್ರಲ್‌ವರೆಗಿನ ನಾಲ್ಕು ಹಳಿಗಳು ಲೋಕಲ್‌ಗಳವು ಮಾತ್ರ. ಗಾಡಿ ತಿರುಗುವ ಸೂಕ್ಷ್ಮ ಜಾಗದಲ್ಲೇ ಬೇರೆಯವರ ಕಾಟವಿಲ್ಲ. ಪಶ್ಚಿಮ ಮಾರ್ಗದಲ್ಲಿ ದಿನಕ್ಕೆ ಸುಮಾರು 1,400 ಲೋಕಲ್ ಓಡಿಸಲು ಸಾಧ್ಯವಾಗಿರುವುದರ ಹಿಂದೆ ಇದರ ಪಾಲು ದೊಡ್ಡದು.

ಕಟ್ಟಡದ ವಿಷಯದಲ್ಲಿ ಚರ್ಚ್‌ಗೇಟ್ ಯಾರ ಕಣ್ಣನ್ನೂ ಸೆಳೆಯುವುದಿಲ್ಲ. ಆ ಬಗ್ಗೆ ಹೆಚ್ಚು ಬರೆಯಲೂ ಬೇಕಿಲ್ಲ. ಇಂದಿನ ಶಿವಾಜಿ ಟರ್ಮಿನಸ್ಸನ್ನು, ಅಂದರೆ ಆಗಿನ ವಿಕ್ಟೋರಿಯಾ ಟರ್ಮಿನಸ್ಸನ್ನು ಕಟ್ಟಿದ ಎಫ್.ಡಬ್ಲ್ಯೂ. ಸ್ಟೀವನ್ಸ್‌ನನ್ನೇ ಬಿ.ಬಿ.ಸಿ.ಐ.ಯೂ ಕರೆಸಿ ಗುಮ್ಮಟಗಳ ಸೊಗಸಾದ ಕಟ್ಟಡವೊಂದನ್ನು ಕಟ್ಟಿಸಿತು, ಆದರೆ ಪ್ರಯಾಣಿಕರಿಗಾಗಿ ಅಲ್ಲ. 1899ರಲ್ಲಿ ಮುಗಿದ ಆ ಕಟ್ಟಡ ನಿಲ್ದಾಣದ ಎದುರಿಗಿರುವ ಮುಖ್ಯ ಕಚೇರಿ. 1951ರಲ್ಲಿ ಪಶ್ಚಿಮ ರೈಲ್ವೆ ರಚನೆಯಾದಾಗ ಅದರ ಕೇಂದ್ರಸ್ಥಾನವೂ ಅದೇ ಆಯಿತು. ಸಾಹೇಬರಿಗೆ ಅರಮನೆ, ಪಾಸಿನವರಿಗೆ ಚಪ್ಪರ. ಚಪ್ಪರವನ್ನೂ 1950ರ ದಶಕದಲ್ಲಿ ಕೆಡವಿ, ಮೇಲೆ ಕಚೇರಿಗಳ ಅಂತಸ್ತುಗಳು, ಕೆಳಗೆ ಎತ್ತರದ ಬಯಲು ಹಜಾರ ಇರುವ ಈಗಿನ ಕಾಂಕ್ರೀಟ್ ಕಟ್ಟಡವನ್ನು ಎಬ್ಬಿಸಿದರು. ನೋಡಲು ಸಪ್ಪೆ ಎಂದು ದೂರುವವರು ಒಮ್ಮೆ ಬೆಳಿಗ್ಗೆ ಹತ್ತರ ಸುಮಾರಿಗೆ ಆ ಹಜಾರದ ನೆಲವನ್ನು ನೋಡಬೇಕು. ಮೂರು ಮಗ್ಗುಲಿಗೂ ತೆರೆದ ದಾರಿ, ಮೆಟ್ಟಿಲಿಲ್ಲದ ಸಮತಟ್ಟು, ಕಾಯುವ ಕೋಣೆಗಳ ಗೊಂದಲವಿಲ್ಲ. ಬಂದವರು ನಿಲ್ಲುವುದೇ ಇಲ್ಲವಾದ್ದರಿಂದ, ನಿಲ್ಲಲು ಪ್ರೇರಣೆ ಕೊಡುವ ಯಾವುದೂ ಆ ಕಟ್ಟಡದಲ್ಲಿ ಇಲ್ಲದಿರುವುದೇ ಒಳ್ಳೆಯದು.

ಕೆಲಸದ ಕ್ರಮವನ್ನು ಹತ್ತಿರದಿಂದ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮೂರು ನಿಮಿಷಕ್ಕೊಂದು ಗಾಡಿ ಹೊರಡಬೇಕು, ಇರುವುದು ನಾಲ್ಕು ಪ್ಲಾಟ್‌ಫಾರಂ ಎಂದರೆ, ಒಂದು ಗಾಡಿ ಒಳಬಂದು, ಇಳಿಸಿ, ಹತ್ತಿಸಿ, ಹೊರಗೆ ಹೋಗಲು ಸಿಗುವುದು 12 ನಿಮಿಷ. ಬಂದ ಮೋಟರ್‌ಮನ್ ಒಂದು ತುದಿಯಲ್ಲಿ ಇಳಿಯುತ್ತಾನೆ, ಗಾರ್ಡಿನ ಕೋಣೆ ಮೋಟರ್‌ಮನ್ನನದಾಗುತ್ತದೆ. ನೆತ್ತಿಯ ಮೇಲಿನ ಇಂಡಿಕೇಟರಿನಲ್ಲಿ ಬೊರಿವಲಿಗೆ ‘ಬಿಓ’, ವಿರಾರ್‌ಗೆ ‘ವಿಆರ್’, ಜೊತೆಗೆ ನಿಧಾನವೋ ವೇಗವೋ, 12 ಡಬ್ಬಿಯೋ 15 ಡಬ್ಬಿಯೋ ಎಂಬುದು ಮೂಡುತ್ತದೆ. ಅದನ್ನು ಓದಿ ಹೆಜ್ಜೆ ಹಾಕುವ ಜನ ಗಾಡಿ ಪೂರ್ತಿ ನಿಲ್ಲುವುದನ್ನೂ ಕಾಯದೆ ಹಾರಿ ಕಿಟಕಿಯ ಸೀಟು ಹಿಡಿಯುತ್ತಾರೆ. ಮೂವರ ಬೆಂಚಿನ ಅಂಚಿನಲ್ಲಿ ಅರ್ಧ ಕೂತು ಅರ್ಧ ತೇಲುವ ನಾಲ್ಕನೇ ಸೀಟಿಗೂ ಇಲ್ಲಿ ಗಿರಾಕಿಗಳುಂಟು. ಸಂಜೆ ಕೂತೇ ಹೋಗಬೇಕೆಂಬವರು ಮರೀನ್ ಲೈನ್ಸ್‌ನಲ್ಲಿ ಚರ್ಚ್‌ಗೇಟಿಗೆ ಬರುವ ಗಾಡಿ ಹತ್ತಿ, ಇಳಿಯದೆ ಹಾಗೇ ಹಿಂದಿರುಗುವುದೂ ಉಂಟು. ಕಚೇರಿ ಜನರ ಅಲೆ ಇಳಿದ ಮೇಲೆ, ಮಧ್ಯಾಹ್ನದ ಊಟಕ್ಕೆ ಮುಂಚೆ, ಡಬ್ಬಾವಾಲರ ಸರದಿ. ಉಪನಗರಗಳ ಮನೆಗಳಿಂದ ಬಂದ ಬುತ್ತಿಗಳನ್ನು ಹೊತ್ತ ಉದ್ದನೆಯ ಮರದ ತಟ್ಟೆಗಳು ತಲೆಯ ಮೇಲೆ ಹೊರಬರುತ್ತವೆ. ಕಾಲುದಾರಿಯ ಮೇಲೇ ಮುಚ್ಚಳದ ಗುರುತು ನೋಡಿ ಬೀದಿಬೀದಿಗೆ ವಿಂಗಡಣೆ ನಡೆಯುತ್ತದೆ. 1992ರಲ್ಲಿ ಇಲ್ಲಿಂದಲೇ ಮಹಿಳೆಯರಿಗೆಂದೇ ಮೀಸಲಾದ ಲೋಕಲ್ ಶುರುವಾಯಿತು. ದೂರದ ಗಾಡಿಗೆ ಜಾಗ ಹೊಂದಿಸಬೇಕಾದ ನಿಲ್ದಾಣದಲ್ಲಿ ಇಂಥ ಪ್ರಯೋಗಕ್ಕೆ ಹಳಿಯ ಮೇಲೆ ಬಿಡುವು ಹುಡುಕುವುದೇ ಕಷ್ಟವಾಗುತ್ತಿತ್ತು.

ಮುಂಬಯಿ ಕನ್ನಡಿಗರಿಗೆ ಈ ನಿಲ್ದಾಣದೊಡನೆ ಇರುವ ನಂಟೂ ಇದೇ ಬಗೆಯದು. ಬೆಂಗಳೂರಿನ ಉದ್ಯಾನ್ ಎಕ್ಸ್‌ಪ್ರೆಸ್ ಶಿವಾಜಿ ಟರ್ಮಿನಸ್ಸಿಗೆ ಸೇರಿದ್ದು, ಮೈಸೂರಿನ ಶರಾವತಿ ದಾದರಿಗೆ, ಮಂಗಳೂರಿನ ಮತ್ಸ್ಯಗಂಧ ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್ಸಿಗೆ. ಊರಿಂದ ಬಂದಿಳಿಯುವ, ಊರಿಗೆ ಹೊರಡುವ ಭಾವುಕತೆ ಯಾವುದೂ ಚರ್ಚ್‌ಗೇಟಿಗೆ ಅಂಟಿಲ್ಲ. ಫೋರ್ಟಿನ ಹೋಟೆಲುಗಳಲ್ಲಿ ಹಗಲು ದುಡಿದು ರಾತ್ರಿಶಾಲೆಯಲ್ಲಿ ಓದಿದ ಕರಾವಳಿಯ ಹುಡುಗರಿಗೆ, ಮುಂದೆ ಬ್ಯಾಂಕು ಕಂಪನಿಗಳ ಮೇಜಿಗೇರಿ ಅಂಧೇರಿ ಬೊರಿವಲಿಗಳಲ್ಲಿ ಮನೆ ಮಾಡಿದವರಿಗೆ ಅದು ಪಾಸಿನ ಮೇಲೆ ಅಚ್ಚಾದ ಹೆಸರು, ದುಡಿಮೆಯ ತುದಿ. ಯಶವಂತ ಚಿತ್ತಾಲರ ‘ಶಿಕಾರಿ’ಯಿಂದ ಜಯಂತ ಕಾಯ್ಕಿಣಿಯವರ ಕತೆಗಳವರೆಗೆ ಕನ್ನಡಕ್ಕೆ ಮುಂಬಯಿಯ ಅನುಭವ ಬಂದದ್ದು ಇಂಥ ನಿತ್ಯದ ಓಡಾಟದ ನಗರದಿಂದ.

ಕಳೆತಕ್ಕೆ ಬೆಲೆ ತೆರಬೇಕಾಗಿ ಬಂದುದನ್ನು ಮರೆಮಾಚಿದರೆ ವಾದ ಅರ್ಧ ಸುಳ್ಳಾಗುತ್ತದೆ. ಒಂದೇ ಉದ್ದೇಶಕ್ಕೆ ಮೀಸಲಾದ ವ್ಯವಸ್ಥೆಯಲ್ಲಿ ಜನಸಂದಣಿಯೂ ಒಂದೇ ಹೊತ್ತಿಗೆ, ಒಂದೇ ದಿಕ್ಕಿಗೆ ಸೇರುತ್ತದೆ. 2006ರ ಜುಲೈ 11ರ ಸಂಜೆ ಬಾಂಬ್ ಸ್ಫೋಟಗೊಂಡ ಏಳೂ ಗಾಡಿಗಳು ಚರ್ಚ್‌ಗೇಟಿನಿಂದ ಮನೆಗೆ ಹೊರಟಿದ್ದವು. 180ಕ್ಕೂ ಹೆಚ್ಚು ಜನ ಸತ್ತರು. ಆ ಹೊತ್ತಿಗೆ ಆ ಮಾರ್ಗದಲ್ಲಿ ಜನ ಇದ್ದೇ ಇರುತ್ತಾರೆಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಹಳಿಯ ಮುಂದೆ ಹಳಿ ಇಲ್ಲದಿರುವ ಅಪಾಯ ಬೇರೆ: 2015ರ ಜೂನ್ 28ರಂದು ಒಂದು ಲೋಕಲ್ ನಿಲ್ಲದೆ ಬಫರನ್ನು ದಾಟಿ ಮೂರನೇ ಪ್ಲಾಟ್‌ಫಾರಂ ತುದಿಯ ಕಟ್ಟೆಯ ಮೇಲೇರಿತು. ಅಂದು ಭಾನುವಾರ, ಕೆಲವರು ಗಾಯಗೊಂಡರು, ಜೀವ ಹೋಗಲಿಲ್ಲ. ಕಚೇರಿಯ ದಿನವಾಗಿದ್ದರೆ ಆ ಕಟ್ಟೆಯ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ.

ಎಲ್ಲಕ್ಕಿಂತ ದುಬಾರಿಯಾದದ್ದು ಕೊಲಾಬಾ ಹಳಿಯೇ. ಅದನ್ನು ಕಿತ್ತಾಗ ದಕ್ಷಿಣಕ್ಕೆ ಇದ್ದದ್ದು ದಂಡಿನ ನೆಲ, ಮೀನುಗಾರರ ಕೇರಿ, ಕೆಲವು ಬಂಗಲೆಗಳು. ಸ್ವಾತಂತ್ರ್ಯಾನಂತರ ಮತ್ತೆ ಸಮುದ್ರ ತುಂಬಿಸಿ ನಾರಿಮನ್ ಪಾಯಿಂಟ್ ಮತ್ತು ಕಫ್ ಪರೇಡಿನ ಗಗನಚುಂಬಿಗಳನ್ನು ಎಬ್ಬಿಸಿದಾಗ ಅಲ್ಲಿ ರೈಲಿರಲಿಲ್ಲ. ಬ್ಯಾಕ್‌ಬೇ ಯೋಜನೆಯ ಹಗರಣವನ್ನು ಬಯಲಿಗೆಳೆದ ವ್ಯಕ್ತಿಯ ಹೆಸರನ್ನು ಅದೇ ಕೊಲ್ಲಿ ತುಂಬಿಸಿ ಮಾಡಿದ ನೆಲಕ್ಕೆ ಇಟ್ಟದ್ದು ಚರಿತ್ರೆಯ ಒಂದು ಕುಚೋದ್ಯ. ಅಲ್ಲಿ ಕೆಲಸಕ್ಕೆ ಹೋಗುವವರು ಚರ್ಚ್‌ಗೇಟಿನಲ್ಲಿ ಇಳಿದು ನಡೆಯಬೇಕಿತ್ತು, ಬಸ್ಸಿಗೆ ನುಗ್ಗಬೇಕಿತ್ತು, ಇಲ್ಲವೇ ಷೇರ್ ಟ್ಯಾಕ್ಸಿಯ ಸಾಲಿನಲ್ಲಿ ನಿಲ್ಲಬೇಕಿತ್ತು. ಈ ಕೊನೆಯ ಎರಡು ಮೂರು ಕಿಲೋಮೀಟರಿನ ಪಾಡನ್ನು ಮುಂಬಯಿ ಹಲವು ದಶಕ ಪಟ್ಟಿತು. ಹಾಗಾದರೆ ಹಳಿ ಕಿತ್ತದ್ದು ತಪ್ಪೇ? ಕೊಲಾಬಾಕ್ಕೆ ನಷ್ಟವಾದದ್ದು ದಿಟ, ಚರ್ಚ್‌ಗೇಟಿಗೆ ಲಾಭವಾದದ್ದೂ ದಿಟ. ಒಂದೇ ಏಟಿನ ಎರಡು ಗುರುತುಗಳು ಇವು. ಒಂದನ್ನು ತೋರಿಸಿ ಇನ್ನೊಂದನ್ನು ಅಲ್ಲಗಳೆಯಲಾಗದು. ಹಳೆಯ ಹಳಿಯನ್ನು ನೆಲದ ಮೇಲೆ ಮತ್ತೆ ಹಾಕುವ ಮಾತೇ ಇರಲಿಲ್ಲ, ಏಕೆಂದರೆ ಕಿತ್ತ ಜಾಗ ಯಾವತ್ತೋ ಕಟ್ಟಡಗಳ ಪಾಲಾಗಿತ್ತು. ದಾರಿ ಸಿಕ್ಕಿದ್ದು ನೆಲದಡಿಯಲ್ಲಿ. ಮೆಟ್ರೊ ಮೂರನೇ ಮಾರ್ಗದ ಕೊನೆಯ ಹಂತ 2025ರ ಅಕ್ಟೋಬರಿನಲ್ಲಿ ತೆರೆದಾಗ, ಲೋಕಲ್ ಇಳಿದವರು ರಸ್ತೆಯ ಕೆಳಗಿನ ಚರ್ಚ್‌ಗೇಟ್ ಮೆಟ್ರೊ ನಿಲ್ದಾಣಕ್ಕೆ ಇಳಿದು, ವಿಧಾನ ಭವನ ದಾಟಿ ಕಫ್ ಪರೇಡಿಗೆ ಹೋಗುವಂತಾಯಿತು. ಆ ಕೊನೆಯ ನಿಲ್ದಾಣದಿಂದ ಬಧ್ವಾರ್ ಪಾರ್ಕ್ ಬಹಳ ದೂರವೇನಲ್ಲ. 1930ರ ಡಿಸೆಂಬರಿನ ಕೊನೆಯ ದಿನ ಕೊಲಾಬಾದಿಂದ ಕೊನೆಯ ಗಾಡಿ ಹೊರಟ ಮೇಲೆ ಆ ದಿಕ್ಕಿಗೆ ರೈಲು ಮತ್ತೆ ಓಡಿದ್ದು ಸುಮಾರು 95 ವರ್ಷಗಳ ಬಳಿಕ.